ಇದ್ದಲ್ಲೇ ಇರುವ ಕಲ್ಲು

ಇಡೀ ಎಡವಟ್ಟಿಗೆ ಕಾರಣ ಅರ್ಜಿಯಲ್ಲಿದ್ದ ಒಂದು ಪದ. ದೊಡ್ಡಣ್ಣನವರು ಬಾಯಲ್ಲಿ ಹೇಳಿದ್ದು ‘ಬಹಳ ಹಳೆಯ ದೇವಸ್ಥಾನ’ ಎಂದು. ಬರೆದುಕೊಳ್ಳುತ್ತಿದ್ದ ಚಿಕ್ಕಹನುಮಯ್ಯನಿಗೆ ಅದು ತೀರಾ ಸಪ್ಪೆ ಎನ್ನಿಸಿತು. ‘ಬಹಳ’ ಎಂಬುದನ್ನು ಹೊಡೆದುಹಾಕಿ ‘ಸಾವಿರ ವರ್ಷ’ ಎಂದು ಬರೆದ. ಮತ್ತೊಮ್ಮೆ ಓದಿ ನೋಡಿದ. ಈಗ ಅರ್ಜಿಗೆ ಒಂದು ತೂಕ ಬಂದಂತೆ ಕಂಡಿತು.

ಚಿಕ್ಕಹನುಮಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ನಟ್ಟು ಬೋಲ್ಟು ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕು. ವಿಜಯನಗರ ದಾಟಿ ನಾಗರಬಾವಿ ಕಡೆ ಹೋಗುವಾಗ ಸಿಗುವ ಕಲ್ಲುಗುಡಿಪಾಳ್ಯದಲ್ಲಿ, ಏಳು ವರ್ಷದ ಹಿಂದೆ, ಊರಿನ ಹಿರಿಯ ದೊಡ್ಡಣ್ಣನವರಿಂದ ಸೈಟು ಕೊಂಡು ಮನೆ ಕಟ್ಟಿಸಿದ್ದ. ಮನೆಗೆ ಅಂಟಿಕೊಂಡಂತೆಯೇ ಸೋಮೇಶ್ವರನ ಗುಡಿ. ಮಂಗಳಾರತಿಯ ಗಂಟೆ ಅವನ ಅಡುಗೆಮನೆಯ ಪಾತ್ರೆಗಳನ್ನು ನಡುಗಿಸುತ್ತಿತ್ತು. ಅಷ್ಟು ಹತ್ತಿರದವನೆಂಬ ಒಂದೇ ಅರ್ಹತೆಯ ಮೇಲೆ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಅವನನ್ನು ಕಾರ್ಯದರ್ಶಿ ಮಾಡಿತ್ತು. ಅಧ್ಯಕ್ಷರು ದೊಡ್ಡಣ್ಣನವರೇ.

ಎಂಬತ್ತಾರನೇ ಇಸವಿಯ ಆ ಬೇಸಿಗೆಯಲ್ಲಿ ಎಂಬತ್ತಡಿ ರಸ್ತೆಯ ನಕಾಶೆ ಬಂತು. ನಕಾಶೆಯ ಗೆರೆ ಗುಡಿಯ ಮೇಲೂ ಚಿಕ್ಕಹನುಮಯ್ಯನ ಮನೆಯ ಮೇಲೂ ಒಂದೇ ಏಟಿಗೆ ಹಾದುಹೋಗಿತ್ತು. ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ಗುರುತೂ ಬಿತ್ತು. ಸಮಿತಿ ಅರ್ಜಿ ಹಾಕಿತು. ರಸ್ತೆಯವರು ಅದನ್ನು ಓದಿ, ಗುಡಿ ನಿಜವಾಗಿಯೂ ಅಷ್ಟು ಹಳೆಯದಾದರೆ ರಸ್ತೆಯನ್ನು ಪಕ್ಕಕ್ಕೆ ಸರಿಸುತ್ತೇವೆ, ಆದರೆ ಪುರಾತತ್ವ ಇಲಾಖೆಯವರು ಬಂದು ನೋಡಿ ಹೇಳಬೇಕು ಎಂದರು. ಗುಡಿ ಉಳಿದರೆ ಮನೆ ಉಳಿಯುತ್ತದೆ. ಚಿಕ್ಕಹನುಮಯ್ಯ ಅರ್ಜಿಯಲ್ಲಿ ದೇವರ ವಿಷಯವನ್ನೇ ಬರೆದಿದ್ದರೂ ಬರೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ಆ ಮನೆ. ಬೆಳಿಗ್ಗೆ ಶಿಫ್ಟು, ಸಂಜೆ ಓವರ್‌ಟೈಮು ಮಾಡಿ ಕಟ್ಟಿಸಿದ ಮನೆ ಅದು. ಅದು ಹೋದರೆ ಇನ್ನೊಂದು ಕಟ್ಟಿಸುವ ಶಕ್ತಿ ತನಗಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಇಲಾಖೆಯ ವೆಂಕಟಗಿರಿಯವರು ಸ್ಕೂಟರಿನಲ್ಲಿ ಬಂದಿಳಿದರು. ಬಡಕಲು ಮೈ, ದಪ್ಪ ಕನ್ನಡಕ, ಹೆಗಲಿಗೊಂದು ಚೀಲ. ಚೀಲದಲ್ಲಿ ಟೇಪು, ಬ್ರಷ್ಷು, ಒಂದು ಸಣ್ಣ ಕರಣೆ. ಕ್ಯಾಶುವಲ್ ಲೀವ್ ಹಾಕಿ ಕಾಯುತ್ತಿದ್ದ ಚಿಕ್ಕಹನುಮಯ್ಯ ಹಾರ ಹಿಡಿದು ಮುಂದೆ ಹೋದ. ಅವರು ಹಾರವನ್ನು ನೋಡಲಿಲ್ಲ. ಗುಡಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಗುಡಿ ಮಿರಮಿರ ಮಿಂಚುತ್ತಿತ್ತು. ಭುಜದೆತ್ತರದವರೆಗೆ ಬಿಳಿ ಟೈಲ್ಸು, ಅದರ ಮೇಲೆ ಗಿಣಿ ಹಸಿರಿನ ಆಯಿಲ್ ಪೇಂಟು, ಕೆಳಗೆ ಮೊಸಾಯಿಕ್ ನೆಲ. ವೆಂಕಟಗಿರಿಯವರು ಒಂದು ಟೈಲ್ಸನ್ನು ಬೆರಳಿನಿಂದ ತಟ್ಟಿದರು.

“ಸಾವಿರ ವರ್ಷ ಅಂತ ಬರೆದಿದೀರಿ.”

“ಹೌದು ಸಾರ್,” ಎಂದ ಚಿಕ್ಕಹನುಮಯ್ಯ.

“ಟೈಲ್ಸ್ ಕೂಡಾನಾ?”

ದೊಡ್ಡಣ್ಣನವರು ಮೀಸೆ ತಿರುವುತ್ತಾ ಮುಂದೆ ಬಂದರು. “ಟೈಲ್ಸು ಮೊನ್ನೆ ಮೊನ್ನೆದು ಸಾರ್, ಎಪ್ಪತ್ತೆಂಟರಾಗೆ ಹಾಕ್ಸಿದ್ದು. ಮೊದ್ಲು ಎಲ್ಲಾ ಬಿದ್ದೋಗಿ ಮುಳ್ಳು ಬೆಳ್ಕಂಡಿತ್ತು. ಜೀರ್ಣೋದ್ಧಾರ ಮಾಡಿದ್ದೇ ನಾವು.”

“ಜೀರ್ಣ ಮಾಡ್ಕೊಂಡಿರೋದೇನೋ ಕಾಣ್ತಾ ಇದೆ,” ಎಂದರು ವೆಂಕಟಗಿರಿಯವರು. “ಶಾಸನ ಏನಾದ್ರೂ ಇದೆಯಾ?”

“ಇಲ್ದೆ ಏನ್ ಸಾರ್, ಬನ್ನಿ!” ದೊಡ್ಡಣ್ಣನವರು ಅವರ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋಗಿ ಅಮೃತಶಿಲೆಯ ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಅದರಲ್ಲಿ ದಾನಿಗಳ ನಲವತ್ತೆರಡು ಹೆಸರು ಕೆತ್ತಿದ್ದವು. ಮೊದಲನೆಯದು ದೊಡ್ಡಣ್ಣನವರದು, ಎರಡನೆಯದು ಅವರ ಮಾವನವರದು. ವೆಂಕಟಗಿರಿಯವರು ಪಾಪ, ಮರ್ಯಾದಸ್ಥರು. ನಲವತ್ತೆರಡೂ ಹೆಸರು ಓದಿದರು.

ಆಮೇಲೆ ಕನ್ನಡಕ ಒರೆಸಿಕೊಂಡು ಹೇಳಿದರು: “ನೋಡಿ, ನಾನು ನಾಲ್ಕು ಗಂಟೆವರೆಗೂ ಇರ್ತೀನಿ. ಅಷ್ಟರಲ್ಲಿ ಹಳೇ ಗುಡಿದು ಒಂದು ಕಲ್ಲಾದ್ರೂ ತೋರಿಸಿ. ಇಲ್ದಿದ್ರೆ ಇದು ಎಪ್ಪತ್ತೆಂಟನೇ ಇಸವಿ ಕಟ್ಟಡ ಅಂತ ಬರೆದು ಹೋಗ್ತೀನಿ.”

ಚಿಕ್ಕಹನುಮಯ್ಯ ಕೈಯಲ್ಲಿದ್ದ ಹಾರವನ್ನು ಅಲ್ಲೇ ಬಿಟ್ಟ. ಜೀರ್ಣೋದ್ಧಾರದ ಕೆಲಸ ಮಾಡಿದ್ದ ಗಾರೆ ಮೇಸ್ತ್ರಿ ಬೆಟ್ಟಯ್ಯನನ್ನು ಹುಡುಕಿಕೊಂಡು ಓಡಿದ. ಬೆಟ್ಟಯ್ಯ ಟೀ ಅಂಗಡಿಯ ಬೆಂಚಿನಲ್ಲಿ ಬನ್ನು ನೆನೆಸಿಕೊಂಡು ತಿನ್ನುತ್ತಿದ್ದ.

“ಬೆಟ್ಟಯ್ಯ, ಹಳೇ ಗುಡಿ ಕಲ್ಲೆಲ್ಲಾ ಏನಾಯ್ತಪ್ಪ?”

“ಒಂದು ಕಲ್ಲೂ ವೇಸ್ಟು ಮಾಡಿಲ್ಲ ಸ್ವಾಮಿ,” ಎಂದ ಬೆಟ್ಟಯ್ಯ ಹೆಮ್ಮೆಯಿಂದ. “ಮುನಿತಾಯಮ್ಮನ ಮನೆ ಮೆಟ್ಲಿಗೆ ಒಂದು, ದೊಡ್ಡಣ್ಣನೋರ ಎಮ್ಮೆ ಕಟ್ಟೋಕೆ ಒಂದು ಕಂಬ, ಮೋರಿ ಮೇಲೆ ನಾಕು. ಮಿಕ್ಕಿದ್ದು ಒಡೆದು ಪಾಯಕ್ಕೆ ಹಾಕ್ದೆ. ಗಟ್ಟಿ ಕಲ್ಲು ಬಿಡಿ, ಸುತ್ತಿಗೆನೇ ಎರಡು ಮುರೀತು.”

ತರಕಾರಿಯವನ ತಳ್ಳುಗಾಡಿ ಬೇಡಿ ತಂದು ಚಿಕ್ಕಹನುಮಯ್ಯ ಮೊದಲು ಮುನಿತಾಯಮ್ಮನ ಮನೆಗೆ ಹೋದ. ಎಪ್ಪತ್ತು ದಾಟಿದ ಮುನಿತಾಯಮ್ಮ ಆ ಮೆಟ್ಟಿಲ ಮೇಲೆಯೇ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ವಿಷಯ ಕೇಳಿ ಕಾಲು ಚಾಚಿ ಇನ್ನೂ ಭದ್ರವಾಗಿ ಕೂತಳು.

“ಮೆಟ್ಲು ಕಿತ್ಕಂಡೋದ್ರೆ ನಾನು ಮನೆಯಿಂದ ಹಾರ್ಬೇಕಾ?”

“ಸಂಜೆಗೆ ವಾಪಸ್ ತಂದು ಹಾಕ್ತೀನಿ ಅಜ್ಜಿ. ನನ್ನ ಮನೆ ಉಳಿಯೋ ಪ್ರಶ್ನೆ.”

“ಮನೆ ಉಳಿಯಕ್ಕಾ?” ಮುನಿತಾಯಮ್ಮ ಅವನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಎಲೆ ಅಡಿಕೆ ಅಡ್ಡ ಬಂದು ಸುಮ್ಮನಾದಳು. “ತಗಂಡೋಗು. ಹೊತ್ ಮುಳುಗೋದ್ರೊಳಗೆ ತಂದಾಕು.”

ಮೆಟ್ಟಿಲು ಮಗುಚಿ ಹಾಕಿದಾಗ ಅಡಿಯಲ್ಲಿ ಅರ್ಧ ಸವೆದ ತಾವರೆಯ ಕೆತ್ತನೆ ಕಂಡಿತು. ಚಿಕ್ಕಹನುಮಯ್ಯ ಅದನ್ನು ನೋಡುವ ಖುಷಿಯಲ್ಲಿ ಕಲ್ಲನ್ನು ತನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿಟ್ಟುಕೊಂಡ. ಕುಂಟುತ್ತಾ ಗಾಡಿ ತಳ್ಳಿದ.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು, ಹಬ್ಬುವಾಗ ಸ್ವಲ್ಪ ಬದಲಾಗಿತ್ತು. ಹಳೇ ಕಲ್ಲಿದ್ದವರ ಮನೆಯನ್ನು ರಸ್ತೆಯವರು ಮುಟ್ಟುವುದಿಲ್ಲ ಎಂದು ಯಾರೋ ಹೇಳಿದ್ದರು. ಚಿಕ್ಕಹನುಮಯ್ಯ ಬಂದು ನೋಡಿದರೆ ಗುಡಿಯ ಮುಂದೆ ಸಂತೆಯೇ ನೆರೆದಿತ್ತು. ಒಬ್ಬರು ಒರಳು ಉರುಳಿಸಿಕೊಂಡು ಬಂದಿದ್ದರು, ಒಬ್ಬರು ಬೀಸುವ ಕಲ್ಲು ಹೊತ್ತಿದ್ದರು. ಇಬ್ಬರು ಗಟ್ಟಿ ಆಳುಗಳು ಬಿದಿರಿಗೆ ಕಟ್ಟಿ ಹೊತ್ತುತಂದ ಕಲ್ಲಿನ ಮೇಲೆ ‘ಮಾಗಡಿ’ ಎಂಬ ಅಕ್ಷರವೂ ಮೈಲಿಯ ಅಂಕಿಯೂ ಸ್ಪಷ್ಟವಾಗಿದ್ದವು.

“ಇದು ಶಾಸನ ಅಲ್ವಾ ಸಾರ್? ಅಕ್ಷರ ಐತಲ್ಲ?” ಎಂದು ಕೇಳಿದರು ಅವರು.

“ಇದನ್ನ ಎಲ್ಲಿಂದ ಕಿತ್ತಿರೋ ಅಲ್ಲೇ ಇಟ್ಟು ಬನ್ನಿ, ಬಸ್ಸಿನವರಿಗೆ ದಾರಿ ತಪ್ಪುತ್ತೆ,” ಎಂದರು ವೆಂಕಟಗಿರಿಯವರು.

ತಾವರೆಯ ಕಲ್ಲು ನೋಡಿದಾಗ ಮಾತ್ರ ಅವರು ಕೂತುಬಿಟ್ಟರು. ಬ್ರಷ್ಷು ತೆಗೆದರು, ಮಣ್ಣು ಝಾಡಿಸಿದರು, ಕನ್ನಡಕ ಹಣೆಗೇರಿಸಿ ಕೆತ್ತನೆಗೆ ಮೂಗು ತಾಗುವಷ್ಟು ಬಗ್ಗಿದರು. “ಇದು ಹಳೇದು. ನಿಜವಾಗ್ಲೂ ಹಳೇದು.”

“ಹಾಗಾದ್ರೆ ಆಯ್ತಲ್ಲ ಸಾರ್!” ಚಿಕ್ಕಹನುಮಯ್ಯ ಹೆಬ್ಬೆರಳ ನೋವನ್ನೂ ಮರೆತು ಕುಣಿಯುವುದೊಂದು ಬಾಕಿ.

“ಏನೂ ಆಗ್ಲಿಲ್ಲ. ಕಿತ್ತು ತಂದ ಕಲ್ಲು ಸಾಕ್ಷಿ ಹೇಳಲ್ಲ ಚಿಕ್ಕಹನುಮಯ್ಯನವರೇ. ಇದು ಈ ಊರಿಂದೇ ಅಂತ ಏನು ಗ್ಯಾರಂಟಿ? ಯಾರೋ ಎಲ್ಲಿಂದಲೋ ಗಾಡೀಲಿ ತಂದು ಹಾಕಿರಬಹುದು. ನನಗೆ ಬೇಕಾಗಿರೋದು ಇದ್ದಲ್ಲೇ ಇರೋ ಕಲ್ಲು. ಸಾವಿರ ವರ್ಷದ ಹಿಂದೆ ಎಲ್ಲಿ ಕೂರಿಸಿದ್ರೋ ಅಲ್ಲಿಂದ ಅಲ್ಲಾಡದೇ ಇರೋದು.”

ಈ ಮಾತು ದೊಡ್ಡಣ್ಣನವರ ಕಿವಿಗೂ ಬಿತ್ತು, ಗುಂಪಿನಲ್ಲಿದ್ದ ಬೆಟ್ಟಯ್ಯನ ಕಿವಿಗೂ ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಊಟದ ಹೊತ್ತಾಗಿತ್ತು. ಚಿಕ್ಕಹನುಮಯ್ಯ ವೆಂಕಟಗಿರಿಯವರನ್ನು ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಅಂಜನಮ್ಮ ಬೆಳಗಿನಿಂದ ಬೇಯಿಸಿ ಬಡಿಸಲು ಸಿದ್ಧವಾಗಿದ್ದಳು. ಅವರೆಕಾಳಿನ ಸಾರು, ಮುದ್ದೆ, ಮೇಲೆ ಹಪ್ಪಳ. ವೆಂಕಟಗಿರಿಯವರು ಎರಡು ಮುದ್ದೆ ಉಂಡು ಸ್ವಲ್ಪ ಮೆತ್ತಗಾದರು. ಇನ್ನೊಂದು ಹಪ್ಪಳ ಬಡಿಸಿಕೊಂಡು, ಮನೆ ಚೆನ್ನಾಗಿ ಕಟ್ಟಿಸಿದ್ದೀರಿ, ಪಾಯ ಗಟ್ಟಿಯಾಗಿದೆ ಎಂದರು. ಚಿಕ್ಕಹನುಮಯ್ಯನಿಗೆ ಕಣ್ಣು ತುಂಬಿ ಬಂತು.

ಊಟ ಮುಗಿಸಿ ಬಂದರೆ ದೊಡ್ಡಣ್ಣನವರು ಗುಡಿಯ ಹಿಂಭಾಗದಿಂದ ಕೈಬೀಸಿ ಕರೆದರು. “ಸಾರ್, ಸಿಕ್ತು! ಇಲ್ಲೇ ಇತ್ತು ನೋಡಿ, ಇದ್ದಲ್ಲೇ ಐತೆ! ನಾವೇ ಕಂಡಿರ್ಲಿಲ್ಲ!”

ಹಿಂದಿನ ಮೂಲೆಯಲ್ಲಿ ಅದೇ ತಾವರೆಯ ಕಲ್ಲು ಗೋಡೆಗೆ ಅಂಟಿ ಕೂತಿತ್ತು. ಮೇಲೆ ಎರಡು ಹಿಡಿ ಹುಲ್ಲು ಹರಡಿತ್ತು. ಪಕ್ಕದಲ್ಲಿ ಬೆಟ್ಟಯ್ಯ ಆಕಾಶ ನೋಡುತ್ತಾ ನಿಂತಿದ್ದ. ವೆಂಕಟಗಿರಿಯವರು ಬಗ್ಗಲು ಒಂದು ಹೆಜ್ಜೆ ಮುಂದಿಟ್ಟರು. ಅವರ ಚಪ್ಪಲಿ ಹಸಿ ಸಿಮೆಂಟಿನಲ್ಲಿ ಪಚಕ್ಕೆಂದು ಹೂತುಕೊಂಡಿತು. ಕಾಲು ಮಾತ್ರ ಹೊರಗೆ ಬಂತು.

ಅವರು ಬರಿಗಾಲಲ್ಲಿ ನಿಂತು ಬೆರಳಿಗೆ ಸಿಮೆಂಟು ಹಚ್ಚಿ ನೋಡಿದರು. “ಸಾವಿರ ವರ್ಷ ಆದ್ರೂ ಒಣಗಿಲ್ಲವಲ್ಲ.”

“ನನಗೇನೂ ಗೊತ್ತಿಲ್ಲ ಸಾರ್!” ಚಿಕ್ಕಹನುಮಯ್ಯನ ಧ್ವನಿ ಅಳುವಂತಾಗಿತ್ತು.

“ಅರ್ಜಿ ಬರೆದವರು ನೀವೇ ತಾನೇ?” ಅವರು ಚಪ್ಪಲಿ ಕಿತ್ತುಕೊಂಡು, ನಲ್ಲಿಯಲ್ಲಿ ತೊಳೆದು, ಚೀಲಕ್ಕೆ ಟೇಪು ಬ್ರಷ್ಷು ತುಂಬತೊಡಗಿದರು. ಗಂಟೆ ಮೂರೂವರೆ. ಚಿಕ್ಕಹನುಮಯ್ಯ ಅವರ ಸ್ಕೂಟರಿಗೆ ಅಡ್ಡ ನಿಂತು ಕೈಮುಗಿದ. ಇನ್ನೊಂದು ಸ್ವಲ್ಪ ಹೊತ್ತು ಸಾರ್, ಇನ್ನೊಂದು ಸ್ವಲ್ಪ ಹೊತ್ತು ಎನ್ನುತ್ತಿದ್ದ.

ಆಗಲೇ ಅಂಜನಮ್ಮ ಕಾಫಿ ತಂದಳು. ಗಂಡನ ಸ್ಥಿತಿ ನೋಡಿ ಅವಳಿಗೂ ಸಂಕಟವಾಯಿತು. “ರೀ, ಏನಂತೆ? ಎಂಥಾ ಕಲ್ಲು ಬೇಕಂತೆ?”

“ಇದ್ದಲ್ಲಿಂದ ಅಲ್ಲಾಡದೇ ಇರೋದು ಬೇಕಂತೆ ಕಣೇ.”

“ಅಷ್ಟೇನಾ? ನಮ್ಮ ಬಚ್ಚಲಲ್ಲಿ ಒಂದು ಇಲ್ವಾ? ಮನೆ ಕಟ್ಟೋವಾಗ ನಾಕ್ ಜನ ಹಾರೆ ಹಾಕಿದ್ರೂ ಏಳ್ಲಿಲ್ಲ ಅಂತ ಅದರ ಮೇಲೇ ಬಚ್ಚಲು ಮಾಡಿದ್ದು.”

ಚಿಕ್ಕಹನುಮಯ್ಯ ಹಣೆ ಚಚ್ಚಿಕೊಂಡ. ಏಳು ವರ್ಷದಿಂದ ದಿನಾ ಅದರ ಮೇಲೆ ನಿಂತು ಸ್ನಾನ ಮಾಡುತ್ತಿದ್ದರೂ ತನಗೆ ಹೊಳೆಯಲಿಲ್ಲವಲ್ಲ! “ಸಾರ್, ಇದೆ ಸಾರ್! ನಮ್ಮ ಮನೇಲೇ ಇದೆ! ಗುಡಿಗೂ ಅದಕ್ಕೂ ನಾಕು ಮಾರಷ್ಟೇ. ಬೆಟ್ಟಯ್ಯನ್ನೇ ಕೇಳಿ, ಅವನೇ ಹಾರೆ ಹಾಕಿದ್ದು!”

ಬೆಟ್ಟಯ್ಯನಿಗೆ ಜೋರು ಕೆಮ್ಮು ಬಂತು. ದೊಡ್ಡಣ್ಣನವರು ಚಿಕ್ಕಹನುಮಯ್ಯನ ಅಂಗಿ ಜಗ್ಗಿದರು. “ಬ್ಯಾಡ ಕಣಯ್ಯ. ಬಚ್ಚಲು ಗಿಚ್ಚಲು ಎಲ್ಲಾ ಆಪೀಸರಿಗೆ ಯಾಕ್ ತೋರಿಸ್ತೀಯಾ? ಮರ್ವಾದೆ ಅಲ್ಲ.”

“ದೇವರ ಕೆಲಸಕ್ಕೆ ಬಚ್ಚಲಾದ್ರೇನು ದೊಡ್ಡಣ್ಣನೋರೆ!” ಎಂದು ಚಿಕ್ಕಹನುಮಯ್ಯ ಅವರ ಕೈ ಬಿಡಿಸಿಕೊಂಡ. ಕಲ್ಲು ಸಿಕ್ಕಿದ ಕೀರ್ತಿ ತನಗೆ ಬರುತ್ತದೆಂದು ಅಧ್ಯಕ್ಷರಿಗೆ ಹೊಟ್ಟೆಕಿಚ್ಚು ಎಂದುಕೊಂಡು ಮುಂದೆ ನಡೆದ.

ಬಚ್ಚಲಿನಿಂದ ಬಕೆಟ್ಟು, ಚೊಂಬು, ಒಣಹಾಕಿದ್ದ ಟವೆಲ್ಲು ಎಲ್ಲಾ ಹೊರಗೆ ಬಂದವು. ಹಂಡೆಯ ಬೂದಿಯನ್ನು ಅಂಜನಮ್ಮ ಗುಡಿಸಿದಳು. ವೆಂಕಟಗಿರಿಯವರು ಪ್ಯಾಂಟು ಮಡಚಿ ಮಂಡಿಯೂರಿ ಕೂತರು. ಮೊದಲು ಬ್ರಷ್ಷು, ಆಮೇಲೆ ಕರಣೆ, ಆಮೇಲೆ ನೀರು. ಸೋಪಿನ ಕರೆ ಬಿಟ್ಟಂತೆಲ್ಲ ಅವರ ಉಸಿರಾಟ ಜೋರಾಗುತ್ತಾ ಹೋಯಿತು. ಬಾಗಿಲಲ್ಲಿ ಊರಿನ ಅರ್ಧ ಜನ ಇಣುಕುತ್ತಿದ್ದರು.

“ನಡುವೆ ಇರೋ ಈ ಚೌಕದ ಗುಂಡಿ ಯಾರು ಮಾಡಿದ್ದು?”

“ಮೊದ್ಲೇ ಇತ್ತು ಸಾರ್,” ಎಂದ ಚಿಕ್ಕಹನುಮಯ್ಯ. “ಸೋಪು ಇಡೋಕೆ ಅನುಕೂಲ ಅಂತ ಹಾಗೇ ಬಿಟ್ವಿ.”

“ಈ ನೀರು ಹೋಗೋ ತೂಬು?”

“ಅದೂ ಮೊದ್ಲೇ ಇತ್ತು. ನೀರು ಚೆನ್ನಾಗಿ ಹೋಗುತ್ತೆ ಸಾರ್, ಏಳು ವರ್ಷದಲ್ಲಿ ಒಂದ್ಸಲಾನೂ ಕಟ್ಕೊಂಡಿಲ್ಲ.”

“ಕಟ್ಕೊಳ್ಳಲ್ಲ. ಬಡಗಲ ಕಡೆಗೆ ಲೆಕ್ಕ ಹಾಕಿ ಇಳಿಜಾರು ಮಾಡಿದಾರೆ. ಅದು ಅಭಿಷೇಕದ ನೀರು ಹೊರಗೆ ಹೋಗೋ ದಾರಿ.” ವೆಂಕಟಗಿರಿಯವರು ನಿಧಾನವಾಗಿ ಎದ್ದು ನಿಂತು ಕನ್ನಡಕ ಒರೆಸಿಕೊಂಡರು. “ಈ ಗುಂಡೀಲಿ ಲಿಂಗದ ಪೀಠ ಇತ್ತು. ಕಲ್ಲು ಗೋಡೆ ಕೆಳಗೂ ಹೋಗಿದೆ, ನಿಮ್ಮ ಅಡುಗೆಮನೆ ಕೆಳಗೂ ಹೋಗಿದೆ. ಅಂಚಲ್ಲಿ ಅಕ್ಷರ ಇದೆ. ಚಿಕ್ಕಹನುಮಯ್ಯನವರೇ, ನೀವು ಏಳು ವರ್ಷದಿಂದ ಗರ್ಭಗುಡಿಯಲ್ಲಿ ಸ್ನಾನ ಮಾಡ್ತಾ ಇದೀರಿ.”

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು.

ಅವರು ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಓದಿದರು. ಯಾರೋ ಗದ್ದೆ ದಾನ ಕೊಟ್ಟದ್ದು, ಕೊಟ್ಟ ಶಕವರ್ಷ, ಕೊನೆಗೆ ಈ ದೇವರ ನೆಲವನ್ನು ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ ಬರಲಿ ಎಂದು. ಊರವರೆಲ್ಲ ದೊಡ್ಡಣ್ಣನವರನ್ನು ನೋಡಿದರು. ದೊಡ್ಡಣ್ಣನವರು ಚಿಕ್ಕಹನುಮಯ್ಯನನ್ನು ನೋಡಿದರು.

“ನೀವು ಅರ್ಜೀಲಿ ತಪ್ಪು ಬರೆದಿದೀರಿ,” ಎಂದರು ವೆಂಕಟಗಿರಿಯವರು. “ಸಾವಿರ ಅಲ್ಲ. ಸಾವಿರದ ಇಪ್ಪತ್ತು.”

ಚಿಕ್ಕಹನುಮಯ್ಯನಿಗೆ ಬೇರೆ ಯಾವ ಮಾತೂ ತಲೆಗೆ ಹೋಗಿರಲಿಲ್ಲ. “ರಸ್ತೆ, ಸಾರ್?”

“ಖಂಡಿತ ಸರಿಯುತ್ತೆ. ಇವತ್ತೇ ಬರೀತೀನಿ. ಈ ಮನೇನ ಇನ್ನು ಯಾರೂ ಮುಟ್ಟೋ ಹಾಗಿಲ್ಲ.”

ಚಿಕ್ಕಹನುಮಯ್ಯ ಖುಷಿಯಿಂದ ಕೂಗಿಕೊಂಡ. ಅಂಜನಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಸಕ್ಕರೆ ಡಬ್ಬ ತಂದು ಎಲ್ಲರ ಕೈಗೂ ಒಂದೊಂದು ಚಿಟಿಕೆ ಹಾಕಿದಳು. ವೆಂಕಟಗಿರಿಯವರೂ ಸಕ್ಕರೆ ಬಾಯಿಗೆ ಹಾಕಿಕೊಂಡು ಮಾತು ಮುಗಿಸಿದರು.

“ನೀವೂ ಸೇರಿ.”

“ಏನ್ ಸಾರ್?”

“ಯಾರೂ ಅಂದ್ರೆ ನೀವೂ ಸೇರಿ. ಒಂದು ತಿಂಗಳಲ್ಲಿ ಮನೆ ಬಿಡಬೇಕಾಗುತ್ತೆ. ಗೋಡೆ ತೆಗೆದು ಕೆಳಗಿನದನ್ನ ನೋಡ್ಬೇಕಲ್ಲ. ಬೇರೆ ಜಾಗಕ್ಕೆ ಅರ್ಜಿ ಹಾಕಿ, ಕೊಡ್ತಾರೆ.”

“ಯಾವಾಗ ಕೊಡ್ತಾರೆ ಸಾರ್?”

“ನಾವು ಸಾವಿರ ವರ್ಷದ ಲೆಕ್ಕದಲ್ಲಿ ಇರೋರು. ಅವಸರ ಮಾಡ್ಬೇಡಿ.” ಬಾಗಿಲ ಬಳಿ ನಿಂತು ಅವರು ಇನ್ನೊಂದು ಮಾತು ಸೇರಿಸಿದರು. “ಆ ಟೈಲ್ಸ್ ಗುಡಿ ಇದೆಯಲ್ಲ, ಅದರಲ್ಲಿ ಹಳೇದು ಏನೂ ಇಲ್ಲ. ರಸ್ತೆ ಆ ಕಡೆಗೆ ಸರಿದ್ರೆ ನಮ್ಮದೇನೂ ಅಭ್ಯಂತರ ಇರಲ್ಲ.”

ಸ್ಕೂಟರಿನ ಸದ್ದು ದೂರವಾಯಿತು. ಚಿಕ್ಕಹನುಮಯ್ಯ ದೊಡ್ಡಣ್ಣನವರ ಕಡೆ ತಿರುಗಿದ. ಏಳು ವರ್ಷದಲ್ಲಿ ಮೊದಲ ಸಲ ಅವರ ಹೆಸರಿಗೆ ‘ನೋರೆ’ ಸೇರಿಸಲಿಲ್ಲ.

“ದೊಡ್ಡಣ್ಣ, ನಿಮಗೆ ಗೊತ್ತಿತ್ತಾ?”

“ಊರಿಗೆಲ್ಲಾ ಗೊತ್ತು ಕಣಯ್ಯ. ಜೀರ್ಣೋದ್ಧಾರ ಮಾಡೋವಾಗ ದೇವರನ್ನ ಒಂದೆರಡು ಹೆಜ್ಜೆ ಆ ಕಡೆ ಸರ್ಸಿದ್ವಿ. ಈ ಜಾಗ ಸೈಟಿಗೆ ಚೆನ್ನಾಗಿತ್ತು. ನಿಂಗೂ ಗೊತ್ತು ಅಂದ್ಕಂಡಿದ್ದೆ.”

“ನಾನೂ ಅಂಗೇ ಅಂದ್ಕಂಡಿದ್ದೆ,” ಎಂದಳು ಮುನಿತಾಯಮ್ಮ. ಮೆಟ್ಟಿಲು ಕೇಳಲು ಬಂದವಳು ಗುಂಪಿನ ಮುಂದೆ ನಿಂತಿದ್ದಳು. “ಇವ್ನು ದಿನಾ ಶಿವ ಶಿವಾ ಅಂತ ನೀರು ಹುಯ್ಕಂತಿದ್ದ. ಎಲ್ಲಾ ಗೊತ್ತಿದ್ದೇ ಭಕ್ತಿಯಿಂದ ಮಾಡ್ತಾವ್ನೆ, ಒಳ್ಳೆ ಮನ್ಸ ಅಂದ್ಕಂಡೆ.”

ಚಿಕ್ಕಹನುಮಯ್ಯ ತನ್ನ ಕಾಲು ನೋಡಿಕೊಂಡ. ಮಂಡಿಯವರೆಗೆ ಮಣ್ಣು, ಹೆಬ್ಬೆರಳಲ್ಲಿ ಒಣಗಿದ ರಕ್ತ. ಸದ್ಯಕ್ಕೆ ಕಾಲಾದರೂ ತೊಳೆದುಕೊಳ್ಳೋಣ ಎಂದು ಬಚ್ಚಲ ಕಡೆ ಹೆಜ್ಜೆ ಹಾಕಿದ. ಮುನಿತಾಯಮ್ಮ ಕೈ ಅಡ್ಡ ಇಟ್ಟಳು.

“ಎಲ್ಲಿಗೋ? ಕಾಲು ತೊಳ್ಕಂಡು ಹೋಗು.”

“ಕಾಲು ತೊಳೆಯೋಕೇ ಹೋಗ್ತಿರೋದು ಅಜ್ಜಿ.”

“ಅದೇ ಯೋಳಿದ್ದು. ಒಳ್ಗೆ ದೇವರ ಜಾಗ. ತೊಳ್ಕಂಡು ಹೋಗು.”

ಒಳಗೆ ಯಾರೋ ಆಗಲೇ ಊದುಬತ್ತಿ ಹಚ್ಚಿ ಸೋಪಿನ ಗುಂಡಿಯಲ್ಲಿ ಸಿಕ್ಕಿಸಿದ್ದರು. ಹಂಡೆಯ ಮೇಲೆ ಎರಡು ದಾಸವಾಳ ಬಿದ್ದಿದ್ದವು. ತಮ್ಮ ಟೈಲ್ಸ್ ಗುಡಿಯ ಮೇಲೆ ರಸ್ತೆ ಬರುತ್ತದೆಂದು ಕೇಳಿ ಐದು ನಿಮಿಷ ಕಂಬಕ್ಕೊರಗಿ ಕೂತಿದ್ದ ದೊಡ್ಡಣ್ಣನವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ದೇವರು ಮೊದಲಿದ್ದ ಜಾಗಕ್ಕೇ ವಾಪಸು ಬರಲಿ, ಹೊಸದಾಗಿ ಜೀರ್ಣೋದ್ಧಾರ ಮಾಡೋಣ, ಸಮಿತಿ ಅದೇ ಇರಲಿ ಎಂದು ಸುತ್ತಲಿನವರಿಗೆ ಹೇಳುತ್ತಿದ್ದರು. ಆಮೇಲೆ ಬಂದು ಚಿಕ್ಕಹನುಮಯ್ಯನ ಹೆಗಲ ಮೇಲೆ ಕೈಯಿಟ್ಟರು.

“ಬೇಜಾರ್ ಮಾಡ್ಕಬ್ಯಾಡ. ಸಮಿತಿ ನಿನ್ನ ಕೈ ಬಿಡಲ್ಲ. ದೇವರು ಇಲ್ಲಿಗೆ ಬಂದ ಮೇಲೆ ಆ ಗುಡಿ ಖಾಲಿನೇ ತಾನೆ? ನಿನ್ನ ಸಂಸಾರ ಅಲ್ಲಿ ಇರ್ಲಿ. ಮೊಸಾಯಿಕ್ ಐತೆ, ಕರೆಂಟ್ ಐತೆ, ಟೈಲ್ಸ್ ಐತೆ. ಬಾಡಿಗೆ ಗೀಡಿಗೆ ಏನೂ ಬ್ಯಾಡ.”

“ಎಷ್ಟು ದಿನ?” ಎಂದು ಕೇಳಿದ ಚಿಕ್ಕಹನುಮಯ್ಯ.

“ರಸ್ತೆ ಬರೋ ಗಂಟ.”

ಚಿಕ್ಕಹನುಮಯ್ಯ ತನ್ನ ಮನೆಯ ಹೊಸ್ತಿಲ ಮೇಲೆ, ಊರವರು ಬಿಟ್ಟ ಚಪ್ಪಲಿಗಳ ನಡುವೆ, ಕೂತುಬಿಟ್ಟ. ಅಂಜನಮ್ಮ ಬಕೆಟ್ಟು, ಚೊಂಬು, ಟವೆಲ್ಲು ಎಲ್ಲವನ್ನೂ ಎತ್ತಿಕೊಂಡು ಪಕ್ಕದಲ್ಲಿದ್ದ ಗಿಣಿ ಹಸಿರಿನ ಗುಡಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

“ರೀ,” ಎಂದಳು, “ಅದರಲ್ಲಿ ಬಚ್ಚಲು ಎಲ್ಲಿದೆ?”